ಬಣ್ಣವಿಲ್ಲದ ಗಂಟು: ನನ್ನ ಹಿಮ್ಮಡಿಯ ಗಾಯಕ್ಕೆ ಹೆಸರು ಸಿಗುವವರೆಗಿನ ಎಂಟು ತಿಂಗಳು

ಎಡಗಾಲಿನ ಹಿಮ್ಮಡಿಯ ಒಳಬದಿಯಲ್ಲಿ ಒಂದು ಗುಳ್ಳೆ ಎದ್ದಿತ್ತು. ಅಂಗಿಯ ಗುಂಡಿಗಿಂತ ಚಿಕ್ಕದು, ತಿಳಿ ಗುಲಾಬಿ ಬಣ್ಣ. ಚಪ್ಪಲಿ ಉಜ್ಜಿ ಹೀಗಾಗಿರಬೇಕು ಅಂದುಕೊಂಡೆ. ನೋವಿರಲಿಲ್ಲ, ತುರಿಕೆಯೂ ಇರಲಿಲ್ಲ. ಸ್ನಾನ ಮಾಡುವಾಗ ಬೆರಳಿಗೆ ತಾಗಿದರೆ ಮಾತ್ರ ನೆನಪಾಗುತ್ತಿತ್ತು.

ಆಗ ನನಗೆ 47 ವರ್ಷ. ಚರ್ಮದ ಕ್ಯಾನ್ಸರ್ ಎಂದರೆ ಕಪ್ಪು ಮಚ್ಚೆ, ಅದು ಬಿಳಿ ಚರ್ಮದವರಿಗೆ ಬಿಸಿಲಿನಿಂದ ಬರುವಂಥದ್ದು ಅಂತಲೇ ತಿಳಿದುಕೊಂಡಿದ್ದೆ. ನನ್ನದು ಕಪ್ಪು ಮೈಬಣ್ಣ. ಗಂಟು ಇದ್ದದ್ದು ಬಿಸಿಲೇ ಬೀಳದ ಹಿಮ್ಮಡಿಯಲ್ಲಿ, ಅದೂ ಗುಲಾಬಿ ಬಣ್ಣದ್ದು. ಹೆದರುವುದಕ್ಕೆ ಒಂದೇ ಒಂದು ಕಾರಣವೂ ಕಾಣಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಕಾಲುಚೀಲ ಬಿಚ್ಚಿದಾಗ ರಕ್ತದ ಕಲೆ ಕಂಡಿತು. ಹತ್ತಿರದ ಡಾಕ್ಟರ ಬಳಿ ಹೋದೆ. ಅವರು ಕಾಲು ಎತ್ತಿಸಿ ನೋಡಿ ನರಹುಲಿ ಎಂದರು. ಅಂಗಾಲಿನಲ್ಲಿ ನರಹುಲಿ ಏಳುವುದು ತೀರಾ ಸಾಮಾನ್ಯ, ಹಾಗಾಗಿ ನಾನೂ ನಂಬಿದೆ. ಸ್ಯಾಲಿಸಿಲಿಕ್ ಆಮ್ಲದ ಪಟ್ಟಿ ಕೊಟ್ಟರು. ಆರು ವಾರ ಅಂಟಿಸಿಕೊಂಡೆ. ಸುತ್ತಲಿನ ಚರ್ಮ ಬೆಳ್ಳಗಾಗಿ ಸುಲಿಯಿತು, ಗಂಟು ಮಾತ್ರ ಹಾಗೇ ಇತ್ತು. ಆಮೇಲೆ ದ್ರವ ಸಾರಜನಕ ಹಾಕಿ ಹೆಪ್ಪುಗಟ್ಟಿಸಿ ಸುಟ್ಟರು. ಮೂರು ವಾರ ಬಿಟ್ಟು ಇನ್ನೊಮ್ಮೆ ಸುಟ್ಟರು. ಎರಡನೇ ಸಲದ ನಂತರ ಅದು ಒಡೆದು ಒದ್ದೆಯಾಯಿತು. ಮತ್ತೆ ಒಣಗಲೇ ಇಲ್ಲ.

ಒಣಗದೇ ಇರುವುದಕ್ಕೂ ಒಂದು ಕಾರಣ ಸಿಕ್ಕಿತು. ನನಗೆ ಸ್ವಲ್ಪ ಶುಗರ್ ಇದೆ. ‘ಶುಗರ್ ಇರುವವರಿಗೆ ಕಾಲಿನ ಗಾಯ ಬೇಗ ಮಾಯುವುದಿಲ್ಲ’ ಎಂದರು. ಅದೂ ನಿಜವೇ. ಹತ್ತು ದಿನ ಆಂಟಿಬಯೋಟಿಕ್, ದಿನಕ್ಕೊಮ್ಮೆ ಡ್ರೆಸ್ಸಿಂಗ್. ಈಗ ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಇದು: ಪ್ರತಿ ಹಂತದಲ್ಲೂ ಸಿಕ್ಕ ವಿವರಣೆ ನಂಬುವಂಥದ್ದೇ ಆಗಿತ್ತು. ಆದರೆ ಒಂದು ವಿವರಣೆ ಬಿದ್ದುಹೋದಾಗ ಯಾರೂ ಮೊದಲಿನ ಪ್ರಶ್ನೆಗೆ ಮರಳಲಿಲ್ಲ, ಮುಂದಿನ ವಿವರಣೆ ಹುಡುಕಿದೆವು. ‘ಯಾರೂ’ ಅಂದರೆ ಅದರಲ್ಲಿ ನಾನೂ ಸೇರಿದ್ದೇನೆ.

ಅಷ್ಟೂ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅಕ್ಕನಿಗೆ ಫೋಟೊ ಕಳಿಸಿದ್ದು. ಅವಳು ದೂರದಲ್ಲಿದ್ದಾಳೆ. ‘ಹೇಗಿದೆ ಕಾಲು?’ ಅಂತ ಕೇಳಿದಾಗಲೆಲ್ಲ ಒಂದು ಫೋಟೊ ತೆಗೆದು ಕಳಿಸುತ್ತಿದ್ದೆ. ಏಳನೇ ತಿಂಗಳಲ್ಲಿ ಅವಳು ಹಳೆಯದನ್ನೆಲ್ಲ ಒಟ್ಟಿಗೆ ತೆರೆದು ನೋಡಿ ತಕ್ಷಣ ಫೋನ್ ಮಾಡಿದಳು.

‘ಏನೇ ಇದು, ಮೊದಲಿಗಿಂತ ಮೂರು ಪಟ್ಟು ದೊಡ್ಡದಾಗಿದೆಯಲ್ಲೇ! ಮಾಯುವ ಗಾಯ ಹೀಗೆ ಬೆಳೆಯುತ್ತಾ?’

ದಿನಾ ನೋಡುವ ನನಗೆ ಅದು ಕಂಡಿರಲೇ ಇಲ್ಲ.

ಆ ವಾರವೇ ಚರ್ಮರೋಗದ ಡಾಕ್ಟರ ಬಳಿ ಹೋದೆ. ಅವರು ಕಾಲು ಮುಟ್ಟುವ ಮೊದಲು ಕೇಳಿದ್ದು ಮೂರೇ ಮಾತು. ಎಷ್ಟು ದಿನದಿಂದ ಇದೆ? ಏನೇನು ಹಚ್ಚಿದ್ದೀರಿ, ಏನೇನು ಮಾಡಿಸಿದ್ದೀರಿ? ಶುರುವಾದಾಗ ಹೇಗಿತ್ತು? ಮೂರನೆಯದಕ್ಕೆ ಉತ್ತರವಾಗಿ ಫೋನ್ ಕೊಟ್ಟೆ. ಅವರು ಹನ್ನೊಂದು ಫೋಟೊಗಳನ್ನೂ ತಾರೀಕು ನೋಡಿಕೊಂಡು, ಒಂದೊಂದಾಗಿ ನಿಧಾನವಾಗಿ ಸರಿಸುತ್ತಾ ಹೋದರು. ಎರಡನೆಯ ಫೋಟೊದಲ್ಲಿ ನಿಲ್ಲಿಸಿ ದೊಡ್ಡದು ಮಾಡಿದರು. ಗುಲಾಬಿ ಗಂಟಿನ ಒಂದು ತುದಿಯಲ್ಲಿ ತೆಳ್ಳಗೆ ಕಂದು ನೆರಳು. ‘ಇದು ನಿಮಗೆ ಕೊಳೆ ಅನ್ನಿಸಿತಾ?’ ಎಂದು ಕೇಳಿದರು. ನನಗೆ ಏನೂ ಅನ್ನಿಸಿರಲಿಲ್ಲ.

ಆಮೇಲೆ ಅವರು ಡರ್ಮೋಸ್ಕೋಪ್ ತೆಗೆದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಒಳಗೇ ಬೆಳಕಿರುವ ಭೂತಗನ್ನಡಿ ಅದು. ಗಾಯದ ಮೇಲೆ ತಣ್ಣನೆಯ ಜೆಲ್ ಹಚ್ಚಿ ಅದನ್ನು ಮೆಲ್ಲಗೆ ಇಟ್ಟರು. ಅದಕ್ಕೆ ಕ್ಯಾಮೆರಾ ಜೋಡಿಸಿದ್ದರಿಂದ ಚಿತ್ರ ಪರದೆಯ ಮೇಲೆ ಬಂತು. ನನಗೂ ನೋಡಲು ಹೇಳಿದರು.

ಅಂಗಾಲಿನ ಚರ್ಮ ಅಷ್ಟು ಹತ್ತಿರದಿಂದ ಉತ್ತ ಹೊಲದ ಹಾಗೆ ಕಾಣುತ್ತದೆ. ಒಂದರ ಪಕ್ಕ ಒಂದು ಏರು, ತಗ್ಗು, ಏರು, ತಗ್ಗು. ಬೆರಳಚ್ಚಿನಲ್ಲಿ ಮೂಡುವ ಗೆರೆಗಳೇ ಇವು. ಏರಿನ ಮೇಲೆ ಸಾಲಾಗಿ ಬಿಳಿ ಚುಕ್ಕಿಗಳು, ಅವು ಬೆವರಿನ ರಂಧ್ರಗಳು. ಸಾಮಾನ್ಯ ಮಚ್ಚೆಯಾದರೆ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ಕೂತಿರುತ್ತದಂತೆ. ಅಂಗಾಲು, ಅಂಗೈಯಲ್ಲಿ ಬರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಬಣ್ಣ ಏರಿನ ಮೇಲೆ ಹರಡಿರುತ್ತದೆ. ಇದನ್ನು ಜಪಾನಿನ ಚರ್ಮತಜ್ಞರು ಬಹಳ ಶ್ರದ್ಧೆಯಿಂದ ಗಮನಿಸಿ ಜಗತ್ತಿಗೆ ತಿಳಿಸಿದರು. ಡಾಕ್ಟರು ಪೆನ್ನಿನ ತುದಿಯಿಂದ ಪರದೆ ಮುಟ್ಟಿ ತೋರಿಸಿದರು. ನನ್ನ ಗಂಟಿನ ಬಹುಪಾಲು ಹಾಲು ಬೆರೆಸಿದಂಥ ಕೆಂಪು. ಅದರೊಳಗೆ ಚುಕ್ಕಿಯಂತೆ ಕೆಲವು, ಸೊಟ್ಟಗೆ ಬಳುಕಿದ ಕೆಲವು ರಕ್ತನಾಳಗಳು, ಒಂದರಂತೆ ಇನ್ನೊಂದಿಲ್ಲ. ಒಂದು ಅಂಚಿನಲ್ಲಿ ಮಾತ್ರ, ಉಗುರಿನ ತುದಿಯಷ್ಟು ಜಾಗದಲ್ಲಿ, ತಿಳಿ ಕಂದು ಪಟ್ಟೆಗಳು. ಅವು ಇದ್ದದ್ದು ಏರಿನ ಮೇಲೆ.

‘ಹೆಸರು ಈಗಲೇ ಹೇಳುವುದಿಲ್ಲ. ತುಣುಕು ತೆಗೆದು ನೋಡಲೇಬೇಕು. ಇದನ್ನು ಇನ್ನು ಯಾರೂ ಸುಡಬಾರದು, ಕೆರೆಯಬಾರದು’ ಎಂದರು.

ಅಂದೇ ಮೈಯೆಲ್ಲ ನೋಡಿದರು. ಬೆರಳ ಸಂದು, ಉಗುರು, ನೆತ್ತಿ, ಬಾಯೊಳಗೆ, ಬೆನ್ನು. ತೊಡೆಸಂದಿಯಲ್ಲಿ ಗಂಟುಗಳಿವೆಯೇ ಎಂದು ಒತ್ತಿ ನೋಡಿದರು. ಹಿಮ್ಮಡಿಯ ಗಾಯಕ್ಕೆ ತೊಡೆಸಂದಿ ಯಾಕೆ ಮುಟ್ಟುತ್ತಿದ್ದಾರೆ ಎಂದು ಹೊಳೆದ ಕ್ಷಣ ನನ್ನ ಕೈ ತಣ್ಣಗಾಯಿತು.

ಮೊದಲ ಬಯಾಪ್ಸಿ 4 ಮಿ.ಮೀ. ಪಂಚ್‌ನಿಂದ ಆಯಿತು. ಚಿಕ್ಕ ಕೊಳವೆಯಂಥ ಚಾಕು, ತಿರುಗಿಸಿ ಒತ್ತಿದರೆ ಚರ್ಮದ ಸಣ್ಣ ಬಿಲ್ಲೆ ಬರುತ್ತದೆ. ಹಿಮ್ಮಡಿಗೆ ಮರಗಟ್ಟಿಸುವ ಸೂಜಿ ಹಾಕಿಸಿಕೊಳ್ಳುವುದು ನಿಜಕ್ಕೂ ನೋವು, ಅದನ್ನು ಮುಚ್ಚಿಡುವುದಿಲ್ಲ. ಹತ್ತು ದಿನಕ್ಕೆ ವರದಿ ಬಂತು: ಹುಣ್ಣು, ಉರಿಯೂತ, ಮಾಯುವಾಗ ಹುಟ್ಟುವ ಹೊಸ ಮಾಂಸ. ಕ್ಯಾನ್ಸರ್ ಕೋಶಗಳು ಕಂಡಿಲ್ಲ.

ಅಕ್ಕ ಫೋನಿನಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ. ಕ್ಯಾನ್ಸರ್ ಅಲ್ಲ ಅಂದಮೇಲೆ ಮುಗಿಯಿತು, ಅಲ್ವಾ?

ಡಾಕ್ಟರು ಮಾತ್ರ ನಗಲಿಲ್ಲ. ವರದಿ ಒಂದು ಕೈಯಲ್ಲಿ, ಪರದೆಯ ಮೇಲೆ ಆ ದಿನದ ಚಿತ್ರ. ‘ನಾನು ಕಂಡದ್ದಕ್ಕೂ ಈ ವರದಿಗೂ ತಾಳೆಯಾಗುತ್ತಿಲ್ಲ’ ಎಂದು ನನ್ನ ಎದುರಿಗೇ, ತುಣುಕನ್ನು ಪರೀಕ್ಷಿಸಿದ ಪೆಥಾಲಜಿ ಡಾಕ್ಟರಿಗೆ ಫೋನ್ ಮಾಡಿದರು. ಐದು ನಿಮಿಷ ಮಾತಾಡಿದರು. ತುಣುಕಿನಲ್ಲಿ ಬಂದದ್ದು ಹುಣ್ಣಿನ ತಳ ಮಾತ್ರ, ಆಳದ ಭಾಗ ಸಾಕಷ್ಟು ಸಿಕ್ಕಿರಲಿಲ್ಲ. ಫೋನ್ ಇಟ್ಟು ನನಗೆ ನೇರವಾಗಿ ಹೇಳಿದರು: ‘ಮೊದಲ ಸಲ ನಾನು ಆರಿಸಿದ ಜಾಗ ಸರಿಯಿರಲಿಲ್ಲ. ಇನ್ನೊಮ್ಮೆ ಮಾಡೋಣ. ಈ ಸಲ ಉದ್ದಕ್ಕೆ, ಆಳಕ್ಕೆ.’

ಆ ಮಾತಿಗೆ ನಾನು ಈಗಲೂ ಋಣಿ. ಒಳ್ಳೆಯ ಸುದ್ದಿ ಕೈಯಲ್ಲಿತ್ತು. ಅದನ್ನೇ ಕೊಟ್ಟು ನನ್ನನ್ನು ಮನೆಗೆ ಕಳಿಸಬಹುದಿತ್ತು. ತಮ್ಮ ಕೈ ತಪ್ಪಿತು ಎಂದು ಒಪ್ಪಿಕೊಂಡು ಇನ್ನೊಮ್ಮೆ ಕೊಯ್ಯುತ್ತೇನೆ ಅನ್ನುವುದು ಸುಲಭವಲ್ಲ. ವರದಿಯಲ್ಲಿ ‘ಕಂಡಿಲ್ಲ’ ಎಂದರೆ ಆ ತುಣುಕಿನಲ್ಲಿ ಕಂಡಿಲ್ಲ ಎಂದಷ್ಟೇ ಅರ್ಥ. ಅದು ನನಗೆ ಅಂದು ತಿಳಿಯಿತು.

ಎರಡನೇ ಸಲ ಕಂದು ಅಂಚಿನಿಂದ ಹಿಡಿದು ಗಂಟಿನ ದಪ್ಪ ಭಾಗದವರೆಗೆ, ದೋಣಿಯಾಕಾರದ ಒಂದು ಸೀಳು ತೆಗೆದು ಹೊಲಿಗೆ ಹಾಕಿದರು. ಪ್ರಯೋಗಾಲಯಕ್ಕೆ ಹೋಗುವ ಫಾರಂನಲ್ಲಿ ಅವರು ಬರೆದದ್ದನ್ನು ನಾನು ಓದಿದೆ. ಎಷ್ಟು ತಿಂಗಳಿಂದ ಇದೆ, ಎರಡು ಸಲ ಸುಟ್ಟದ್ದು, ಡರ್ಮೋಸ್ಕೋಪಿನಲ್ಲಿ ಏರಿನ ಮೇಲಿನ ಬಣ್ಣ, ಹಿಂದಿನ ವರದಿ ಏನು, ತಮ್ಮ ಅನುಮಾನ ಏನು. ಎಲ್ಲ ಇತ್ತು. ಜೊತೆಗೆ ಫೋಟೊಗಳನ್ನೂ ಕಳಿಸಿದರು. ಸ್ಲೈಡ್ ನೋಡುವವರಿಗೆ ಕಾಲು ಕಾಣುವುದಿಲ್ಲವಲ್ಲ.

ಈ ಸಲ ತಡವಾಯಿತು. ಕೇಳಿದಾಗ ‘ವಿಶೇಷ ಬಣ್ಣಗಳನ್ನು ಹಾಕುತ್ತಿದ್ದಾರೆ’ ಎಂದರು. ನನಗೆ ಅರ್ಥವಾಗಲಿಲ್ಲ. ಸುಮ್ನೆ ಮನೆಯಲ್ಲಿ ಕಾಯುವುದಕ್ಕೆ ಆಗದೆ, ಪೆಥಾಲಜಿ ಡಾಕ್ಟರನ್ನು ಭೇಟಿಯಾಗಬಹುದಾ ಎಂದು ಕೇಳಿದೆ. ಅವರು ಒಪ್ಪಿದರು. ವಯಸ್ಸಾದವರು, ಮೆಲುದನಿಯವರು. ಎದುರುಬದುರು ಇಬ್ಬರು ಕೂತು ನೋಡುವಂಥ ಮೈಕ್ರೋಸ್ಕೋಪ್ ಇತ್ತು. ‘ಬನ್ನಿ, ನಿಮ್ಮದೇ ನೋಡಿ’ ಎಂದರು.

ಮೊದಲ ಸ್ಲೈಡ್ ನೇರಳೆ, ಗುಲಾಬಿ. ನನಗೆ ಎಲ್ಲ ಒಂದೇ ರೀತಿ ಕಂಡಿತು. ಅವರು ಬಾಣದ ಗುರುತು ಸರಿಸುತ್ತಾ ವಿವರಿಸಿದರು. ಮೆಲನೋಮಾ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಲ್ಲಿ. ಸಾಮಾನ್ಯವಾಗಿ ಆ ಕೋಶಗಳು ಕಂದು ಬಣ್ಣ ಹೊತ್ತಿರುತ್ತವೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಕೆಲವು ಮೆಲನೋಮಾಗಳು ಬಣ್ಣ ಮಾಡುವುದನ್ನೇ ಬಿಟ್ಟಿರುತ್ತವೆ. ಅವಕ್ಕೆ ಅಮೆಲನೋಟಿಕ್ ಎಂದು ಹೆಸರು. ಹೊರಗೆ ಕಣ್ಣಿಗೆ ಗುಲಾಬಿಯಾಗಿ ಕಾಣುವ ಇವು ಮೈಕ್ರೋಸ್ಕೋಪಿನಲ್ಲೂ ಗುರುತು ಬಿಟ್ಟುಕೊಡುವುದಿಲ್ಲ. ಬೇರೆ ಜಾತಿಯ ಚರ್ಮದ ಕ್ಯಾನ್ಸರೋ, ಮಾಂಸಖಂಡದ ಗಡ್ಡೆಯೋ, ಇನ್ನೇನೋ ಇರಬಹುದು ಅನ್ನಿಸುತ್ತದೆ.

ಅವರು ಸ್ಲೈಡ್ ಬದಲಿಸಿದರು. ‘ಇದು ಸಾಕ್ಸ್10.’ ಒಂದು ಪ್ರೊಟೀನಿನ ಹೆಸರು ಅದು. ಮೆಲನೋಸೈಟ್ ಮೂಲದ ಕೋಶವಾದರೆ ಬಣ್ಣ ಹೊರದಿದ್ದರೂ ಈ ಪ್ರೊಟೀನು ಅದರ ಕೋಶಕೇಂದ್ರದಲ್ಲಿ ಇರುತ್ತದೆ. ಪ್ರೊಟೀನಿಗೆ ಅಂಟಿಕೊಳ್ಳುವ ಆಂಟಿಬಾಡಿ ಹಾಕಿ, ಅದು ಅಂಟಿದ ಕಡೆ ಮಾತ್ರ ಕಂದು ಬಣ್ಣ ಮೂಡುವ ಹಾಗೆ ಮಾಡುತ್ತಾರೆ. ನಾನು ಕಣ್ಣು ಹಚ್ಚಿ ನೋಡಿದೆ. ತಿಳಿ ನೀಲಿಯ ಮೇಲೆ ಸಾವಿರಾರು ಕಂದು ಚುಕ್ಕಿಗಳು. ಚರ್ಮದ ಮೇಲ್ಪದರದ ಬುಡದಲ್ಲಿ ಒಂದಕ್ಕೊಂದು ತಾಗಿ ಸಾಲುಗಟ್ಟಿ ನಿಂತಿದ್ದವು. ಕೆಲವು ಒಂಟಿಯಾಗಿ ಮೇಲಕ್ಕೆ ಹತ್ತಿದ್ದವು. ಕೆಳಗೆ ಗುಂಪುಗುಂಪಾಗಿ ಆಳಕ್ಕೆ ಇಳಿದಿದ್ದವು. ಎಂಟು ತಿಂಗಳು ಬಣ್ಣ ತೋರಿಸದೆ ನನ್ನ ಹಿಮ್ಮಡಿಯಲ್ಲಿ ಕೂತಿದ್ದವು, ಆ ಗಾಜಿನ ಮೇಲೆ ಒಂದೂ ಬಿಡದೆ ಕಂಡವು.

ಅವರು ಇನ್ನೂ ನಾಲ್ಕು ಸ್ಲೈಡ್ ತೋರಿಸಿದರು. ಎಸ್100, ಮೆಲನ್-ಎ, ಎಚ್‌ಎಂಬಿ-45 ಕೂಡ ಮೆಲನೋಸೈಟ್ ಗುರುತಿಸುವ ಇಂಥವೇ ಪರೀಕ್ಷೆಗಳು. ಮೊದಲೆರಡು ಹಿಡಿದಿದ್ದವು. ಎಚ್‌ಎಂಬಿ-45 ಅಲ್ಲಲ್ಲಿ ಮಾತ್ರ. ಕೆರಾಟಿನ್ ಹಿಡಿದಿರಲಿಲ್ಲ, ಹಾಗಾಗಿ ಸ್ಕ್ವಾಮಸ್ ಎಂಬ ಇನ್ನೊಂದು ಜಾತಿಯ ಚರ್ಮದ ಕ್ಯಾನ್ಸರ್ ಅಲ್ಲ. ಒಂದೇ ಬಣ್ಣ ನಂಬಿ ಹೇಳುವುದಿಲ್ಲ, ಎಲ್ಲವನ್ನೂ ಕೂಡಿಸಿ ಓದುತ್ತೇವೆ ಎಂದರು. ನಾನು ಅಲ್ಲಿ ಅಳಲಿಲ್ಲ. ವಿಚಿತ್ರ ಅನ್ನಿಸಬಹುದು, ನನಗೆ ಒಂದು ಥರದ ನಿರಾಳ ಆಯಿತು. ಕೊನೆಗೂ ಹೆಸರು ಸಿಕ್ಕಿತ್ತು.

ವರದಿಯಲ್ಲಿ ಬರೆದದ್ದು: ಏಕ್ರಲ್ ಲೆಂಟಿಜಿನಸ್ ಮೆಲನೋಮಾ, ಅಮೆಲನೋಟಿಕ್. ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವ ಜಾತಿ ಇದು. ಇದಕ್ಕೂ ಬಿಸಿಲಿಗೂ ನಂಟಿಲ್ಲ. ಕಪ್ಪು ಚರ್ಮದವರಲ್ಲಿ ಮೆಲನೋಮಾವೇ ಅಪರೂಪ, ಬಂದರೆ ಹೆಚ್ಚಾಗಿ ಬರುವುದು ಈ ಜಾಗಗಳಲ್ಲೇ. ಅದರ ಕೆಳಗೆ ಒಂದು ಸಂಖ್ಯೆ ಇತ್ತು, ಬ್ರೆಸ್ಲೋ ದಪ್ಪ 2.6 ಮಿ.ಮೀ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿಕೊಟ್ಟ ಅಳತೆ ಅದು. ಮೇಲಿನಿಂದ ಅತಿ ಆಳದ ಕ್ಯಾನ್ಸರ್ ಕೋಶದವರೆಗೆ ಎಷ್ಟು ದೂರ ಎಂದು ಅಳೆಯುತ್ತಾರೆ. ಮೆಲನೋಮಾದಲ್ಲಿ ಅಗಲಕ್ಕಿಂತ ಆಳವೇ ಮುಖ್ಯ. 1 ಮಿ.ಮೀ. ಒಳಗಿದ್ದರೆ ಒಂದು ದಾರಿ, 2 ದಾಟಿದರೆ ಬೇರೆ, 4 ದಾಟಿದರೆ ಇನ್ನೂ ಬೇರೆ. ಮೇಲೆ ಹುಣ್ಣಾಗಿದ್ದರೆ ಹಂತ ಇನ್ನಷ್ಟು ಮೇಲಕ್ಕೆ, ಅಂದರೆ ಗಂಭೀರವಾದದ್ದಕ್ಕೆ, ಏರುತ್ತದೆ. ನನ್ನದು ಹುಣ್ಣಾಗಿತ್ತು. ಅದು ಕ್ಯಾನ್ಸರ್ ತಾನೇ ತಂದ ಹುಣ್ಣೋ, ಸುಟ್ಟಿದ್ದರಿಂದ ಆದದ್ದೋ ಬಿಡಿಸಿ ಹೇಳಲು ಆಗುವುದಿಲ್ಲ ಎಂದರು. ಎರಡು ಸಲ ಸುಡಿಸಿಕೊಂಡದ್ದಕ್ಕೆ ನನಗೆ ಅತಿ ಹೆಚ್ಚು ಸಂಕಟವಾಗುವುದು ಇದೇ ಕಾರಣಕ್ಕೆ. ದಿನ ಹೋದದ್ದಂತೂ ಹೋಯಿತು, ಅಳತೆ ಓದುವುದಕ್ಕೂ ತೊಡಕಾಯಿತು.

ಮನೆಗೆ ಬಂದ ಮೇಲೆ, ಮೆಲನೋಮಾ ಗುರುತಿಸಲು ಎಲ್ಲರಿಗೂ ಹೇಳಿಕೊಡುವ ಎ-ಬಿ-ಸಿ-ಡಿ ನಿಯಮವನ್ನು ನನ್ನ ಮೊದಲ ಫೋಟೊದ ಮೇಲೆ ಇಟ್ಟು ನೋಡಿದೆ. 1985ರಲ್ಲಿ ನ್ಯೂಯಾರ್ಕಿನ ಚರ್ಮತಜ್ಞರು ಕೊಟ್ಟ ನಿಯಮ ಅದು. ಎರಡು ಅರ್ಧ ಒಂದೇ ಥರ ಇಲ್ಲದಿರುವುದು, ಅಂಚು ಒರಟಾಗಿರುವುದು, ಹಲವು ಬಣ್ಣ ಇರುವುದು, 6 ಮಿ.ಮೀ. ದಾಟಿರುವುದು. ನನ್ನ ಗಂಟು ದುಂಡಗಿತ್ತು. ಅಂಚು ನೀಟಾಗಿತ್ತು. ಒಂದೇ ಬಣ್ಣ ಅನ್ನಬಹುದಿತ್ತು. 6 ಮಿ.ಮೀ. ಇರಲಿಲ್ಲ. ನಾಲ್ಕರಲ್ಲೂ ಪಾರು! 2004ರಲ್ಲಿ ಇನ್ನೊಂದು ಅಕ್ಷರ ಸೇರಿಸಿದರು, ‘ಇ’. ಅಂದರೆ ಬದಲಾಗುತ್ತಾ ಹೋಗುವುದು. ಅದೊಂದೇ ನನ್ನ ಗಂಟಿಗೆ ಹೊಂದುತ್ತಿತ್ತು. ಬದಲಾವಣೆ ಒಂದು ಫೋಟೊದಲ್ಲಿ ಕಾಣುವುದಿಲ್ಲ, ಹನ್ನೊಂದು ಬೇಕಾಯಿತು.

ಇಂಥ ವೇಷ ನನ್ನದೊಂದೇ ಅಲ್ಲ ಎಂದು ಡಾಕ್ಟರು ಹೇಳಿದರು. ಉಗುರಿನಲ್ಲಿ ಬಂದರೆ ಕಪ್ಪು ಗೆರೆಯಾಗಿ ಶುರುವಾಗಬಹುದು, ಪೆಟ್ಟಿನ ರಕ್ತ ಎಂದು ಬಿಟ್ಟುಬಿಡುತ್ತಾರೆ. ಆ ಕಪ್ಪು ಉಗುರು ದಾಟಿ ಪಕ್ಕದ ಚರ್ಮಕ್ಕೆ ಹಬ್ಬಿದರೆ ಅದಕ್ಕೆ ಹಚಿನ್ಸನ್ ಗುರುತು ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ವೈದ್ಯ ಜೊನಾಥನ್ ಹಚಿನ್ಸನ್ ಹೆಸರು ಅದು. ಗಾಯಕ ಬಾಬ್ ಮಾರ್ಲಿಗೆ ಆದದ್ದು ಕಾಲ್ಬೆರಳ ಉಗುರಿನ ಕೆಳಗಿನ ಮೆಲನೋಮಾ. ಮೊದಲು ಫುಟ್‌ಬಾಲ್ ಆಡುವಾಗ ಆದ ಗಾಯ ಅಂದುಕೊಂಡಿದ್ದರು. 1977ರಲ್ಲಿ ಪತ್ತೆಯಾಯಿತು, 1981ರಲ್ಲಿ ತೀರಿಕೊಂಡರು, ಆಗ ಅವರಿಗೆ 36 ವರ್ಷ. ಇನ್ನೊಂದು ಜಾತಿ, ಡೆಸ್ಮೋಪ್ಲಾಸ್ಟಿಕ್, ಹಳೆಯ ಗಾಯದ ಗುರುತಿನ ಹಾಗೆ ಗಟ್ಟಿಯಾಗಿ ಇರುತ್ತದಂತೆ. ನಾಡ್ಯುಲರ್ ಎಂಬುದು ಉಬ್ಬಿ, ಗಟ್ಟಿಯಾಗಿ, ವಾರವಾರಕ್ಕೆ ಬೆಳೆಯುತ್ತದೆ. ಇವಕ್ಕೆಲ್ಲ ಮಚ್ಚೆಯ ಚಿತ್ರ ಹಿಡಿದು ಹುಡುಕಿದರೆ ಪ್ರಯೋಜನವಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಸ್ಕ್ಯಾನ್ ಆಯಿತು. ಗಂಟಿನ ಸುತ್ತ 2 ಸೆಂ.ಮೀ. ಸೇರಿಸಿ ಕತ್ತರಿಸಿ ತೆಗೆದರು, ತೊಡೆಯ ಚರ್ಮ ತಂದು ಹೊಲಿದರು. ಅದೇ ದಿನ ಸೆಂಟಿನೆಲ್ ಗ್ರಂಥಿಯ, ಅಂದರೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿಯ, ಪರೀಕ್ಷೆ. ಗಾಯದ ಪಕ್ಕ ಅತಿ ಕಡಿಮೆ ವಿಕಿರಣದ ದ್ರವ ಚುಚ್ಚಿ, ಅದು ತೊಡೆಸಂದಿಯ ಯಾವ ಗ್ರಂಥಿಗೆ ಮೊದಲು ತಲುಪುತ್ತದೆ ಎಂದು ಕ್ಯಾಮೆರಾದಲ್ಲಿ ನೋಡಿದರು. ಆಪರೇಷನ್ ಕೋಣೆಯಲ್ಲಿ ನೀಲಿ ಬಣ್ಣವನ್ನೂ ಚುಚ್ಚಿದರು. ಮಾರನೇ ದಿನ ಮೂತ್ರ ಹಸಿರಾಗಿ ಬಂದಾಗ ಗಾಬರಿಯಾಯಿತು. ನರ್ಸ್ ಮೊದಲೇ ಹೇಳಿದ್ದರು, ನಾನೇ ಮರೆತಿದ್ದೆ. ಎರಡು ಗ್ರಂಥಿ ತೆಗೆದರು, ಎರಡೂ ಶುದ್ಧ. ಪೂರ್ತಿ ತುಣುಕಿನಲ್ಲಿ ದಪ್ಪ 2.8 ಮಿ.ಮೀ. ಎಂದು ಬಂತು. ಹಂತ 2ಬಿ. ವಾರಗಟ್ಟಲೆ ಕಾಲೂರಲಿಲ್ಲ. ಆಮೇಲೆ ಒಂದು ವರ್ಷ ಇಮ್ಯುನೋಥೆರಪಿ, ಅಂದರೆ ಕ್ಯಾನ್ಸರ್ ವಿರುದ್ಧ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ. ಆ ವರ್ಷದ ಕಥೆ ದೊಡ್ಡದು, ಇಲ್ಲಿ ಬೇಡ.

ಮೊದಲ ಡಾಕ್ಟರ ಬಳಿಗೂ ಹೋದೆ. ಜಗಳ ಆಡುವುದಕ್ಕಲ್ಲ. ವರದಿಯ ಪ್ರತಿ ಮುಂದಿಟ್ಟೆ. ಅವರು ಎರಡು ಸಲ ಓದಿದರು. ‘ಬಣ್ಣ ಇರಲಿಲ್ಲ’ ಎಂದು ತಮಗೆ ತಾವೇ ಅನ್ನುವ ಹಾಗೆ ಹೇಳಿದರು. ಆ ಹನ್ನೊಂದು ಫೋಟೊ ಕಳಿಸಿಕೊಡಿ ಎಂದು ಕೇಳಿದರು. ಕಳಿಸಿದೆ.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ತೊಡೆಸಂದಿ ಒತ್ತಿ ನೋಡುತ್ತಾರೆ, ಹೊಲಿಗೆಯ ಅಂಚನ್ನು ಬೆರಳಿನಿಂದ ತಡವುತ್ತಾರೆ, ಉಗುರು, ಬೆರಳ ಸಂದು ಎಲ್ಲ. ಮನೆಯಲ್ಲಿ ತಿಂಗಳಿಗೊಮ್ಮೆ ಕನ್ನಡಿ ನೆಲದ ಮೇಲಿಟ್ಟು ಅಂಗಾಲು ನಾನೇ ನೋಡಿಕೊಳ್ಳುತ್ತೇನೆ. ಅಕ್ಕನೂ ಶುರು ಮಾಡಿದ್ದಾಳೆ.

ಕಳೆದ ತಿಂಗಳು ಬಲಗಾಲಿನಲ್ಲಿ, ಹೆಬ್ಬೆರಳ ಕೆಳಗೆ, ಒಂದು ಸಣ್ಣ ಕಂದು ಚುಕ್ಕಿ ಕಂಡಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಹೋದೆ. ಡಾಕ್ಟರು ಜೆಲ್ ಹಚ್ಚಿ ಡರ್ಮೋಸ್ಕೋಪ್ ಇಟ್ಟು ಪರದೆ ನನ್ನ ಕಡೆ ತಿರುಗಿಸಿದರು. ಈ ಸಲ ಅವರು ಹೇಳುವ ಮೊದಲೇ ನನಗೆ ಕಂಡಿತು. ಬಿಳಿ ಚುಕ್ಕಿಗಳ ಸಾಲು ಶುಭ್ರವಾಗಿತ್ತು. ಬಣ್ಣವೆಲ್ಲ ತಗ್ಗಿನಲ್ಲಿತ್ತು.

‘ಹೌದು, ಮಚ್ಚೆಯೇ’ ಎಂದರು. ಆದರೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೊ ತೆಗೆದು, ತಾರೀಕು ಬರೆದಿಟ್ಟುಕೊಂಡರು.